ಬುಧವಾರ ಕೂರುವ ಜಾಗ

ಆ ಕಟ್ಟಡದ ಹೆಂಗಸರು ಅದಕ್ಕೆ ಹೆಸರಿಟ್ಟಿರಲಿಲ್ಲ. ಸಂಘ ಎಂದರೆ ಅಧ್ಯಕ್ಷೆ ಯಾರು ಎಂದು ಗಂಡಸರು ಕೇಳುತ್ತಾರೆ, ಸಭೆ ಎಂದರೆ ನಗುತ್ತಾರೆ. ಹಾಗಾಗಿ ಬರೀ ‘ಕೂರೋದು’ ಎನ್ನುತ್ತಿದ್ದರು. ಬುಧವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಸಂಜೆಯ ಟೀಗೆ ನೀರಿಡುವ ಮೊದಲು, ನಾಲ್ಕು ಜನ ಒಂದು ಗಂಟೆ ಎಲ್ಲಾದರೂ ಒಂದೆಡೆ ಕೂರುವುದು. ಅಷ್ಟೆ. ಎಲ್ಲಿ ಎನ್ನುವುದನ್ನು ಹೊಲಿಗೆ ಅಕ್ಕ ಹೇಳಬೇಕು. ಮೆಟ್ಟಿಲಲ್ಲಿ ಎದುರಾದವಳು “ಈ ವಾರ ಎಲ್ಲಕ್ಕ?” ಎಂದು ಕೇಳಿದರೆ ಅವಳು ತುಟಿಗಳ ನಡುವಿನ ಗುಂಡುಸೂಜಿ ತೆಗೆದು, ಕುತ್ತಿಗೆ ಚಾಚಿ ಹಿತ್ತಲಿನ ಆಕಾಶ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದಳು.

ಇಡೀ ದಿನ ಮನೆಯಲ್ಲೇ ಇರುವವರಿಗೆ ಕೂರಲು ಬೇರೆ ಜಾಗ ಯಾಕೆ ಎಂದು ಆ ನಾಲ್ವರಲ್ಲಿ ಒಬ್ಬಳಾದ ಮೇಲ್ಮನೆ ಸೊಸೆಯ ಗಂಡ ಒಮ್ಮೆ ತಮಾಷೆಗೆ ಕೇಳಿದ್ದ. ಪ್ಯಾಂಟಿನ ಅಂಚು ಹೊಲಿಸಲು ಬಂದು ನಿಂತಿದ್ದವನು. ಹೊಲಿಗೆ ಅಕ್ಕ ಯಂತ್ರ ನಿಲ್ಲಿಸದೆಯೇ ಹೇಳಿದಳು: “ಭಾನುವಾರವೆಲ್ಲ ನೀವು ಮನೇಲೇ ಇರ್ತೀರಲ್ಲ, ನಿಮ್ಮ ಹೆಂಡತಿ ಕೂತಿದ್ದನ್ನ ಕೊನೇ ಸಲ ಯಾವಾಗ ನೋಡಿದ್ರಿ, ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ.” ಅವನು ಅದನ್ನೂ ತಮಾಷೆ ಎಂದುಕೊಂಡು ನಕ್ಕು, ಪ್ಯಾಂಟು ಮಡಚಿಕೊಂಡು ಹೋದ.

ಈ ಕೂರುವ ಹುಚ್ಚು ಹೊಲಿಗೆ ಅಕ್ಕನಿಗೆ ಹತ್ತಿದ್ದು ತಾಯಿ ತೀರಿಕೊಂಡ ಮೇಲೆ. ತಾಯಿ ಹಾಸಿಗೆ ಹಿಡಿದಾಗ ಅವಳಿಗೆ ಮದುವೆಯ ವಯಸ್ಸು, ತಾಯಿ ಹೋದಾಗ ಕನ್ನಡಕದ ವಯಸ್ಸು. ನಡುವಿನ ವರ್ಷಗಳೆಲ್ಲ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಕಳೆದವು. ಈ ಗೋಡೆಗೆ ಹಾಸಿಗೆ, ಆ ಗೋಡೆಗೆ ಯಂತ್ರ. ಒಂದು ಅಂಗಿಯ ತೋಳು ಮುಗಿಸಿ ಎದ್ದು ತಾಯಿಯನ್ನು ಮಗ್ಗುಲಿಗೆ ಹೊರಳಿಸುವುದು, ಇನ್ನೊಂದು ತೋಳು ಮುಗಿಸಿ ಎದ್ದು ಮತ್ತೆ ಹೊರಳಿಸುವುದು. ಅಣ್ಣಂದಿರು ಇದ್ದರು. ಆಗೀಗ ಬಂದು, ಬಾಗಿಲ ಹತ್ತಿರವೇ ನಿಂತು, “ನೀನಿದ್ದೀಯಲ್ಲ, ನಮಗೇನೂ ಚಿಂತೆ ಇಲ್ಲ” ಎಂದು ಹೊಗಳಿ ಹೋಗುತ್ತಿದ್ದರು. ಬೆನ್ನಿನ ಮೇಲೆ ಒಂದು ಹುಣ್ಣೂ ಇಲ್ಲದಂತೆ ತಾಯಿಯನ್ನು ನೋಡಿಕೊಂಡಳು ಎಂದು ಡಾಕ್ಟರು ಮೆಚ್ಚಿದ್ದರು. ಅವಳ ಸ್ವಂತ ಬೆನ್ನನ್ನು ನೋಡಿದವರಿಲ್ಲ.

ತಾಯಿ ಹೋದ ಮೇಲೆ ಬಂದುಹೋಗುವವರೂ ನಿಂತ ಒಂದು ಮಧ್ಯಾಹ್ನ ಅವಳಿಗೆ ಕೈಯಲ್ಲಿ ಏನೂ ಇಲ್ಲದ ಹೊತ್ತು ಸಿಕ್ಕಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಆಗ ಮೊಟ್ಟೆಯಮ್ಮ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಮೇಲೆ ಹೊರಟಿದ್ದಳು. ಮನೆಮನೆಗೆ ಮೊಟ್ಟೆ ಹಾಕಿ, ಕಾಲು ಕಳೆದುಕೊಂಡ ಗಂಡನನ್ನೂ ನೋಡಿಕೊಳ್ಳುವ ಹೆಂಗಸು ಅವಳು. ದಾರಿಗೆ ಅಡ್ಡ ಕೂತವಳನ್ನು ಎಬ್ಬಿಸಲು ಮನಸ್ಸಾಗದೆ ಟ್ರೇ ಇಳಿಸಿ ತಾನೂ ಪಕ್ಕದಲ್ಲಿ ಕುಳಿತಳು. ಎದ್ದು ಹೋಗುವಾಗ ಮೊಟ್ಟೆಯಮ್ಮ “ನಾಳೆನೂ ಕೂರ್ತೀಯಾ?” ಎಂದು ಕೇಳಿದಳು. ಹಾಗೆ ಶುರುವಾದದ್ದು.

ಆಮೇಲೆ ಗೇಟಿನ ಮನೆ ಅಜ್ಜಿ ಸೇರಿಕೊಂಡಳು, ನೆನಪು ಪೂರ್ತಿ ಅಳಿಸಿಹೋದ ತನ್ನ ಅಕ್ಕನನ್ನು ಕೈಹಿಡಿದು ಜೊತೆಗೇ ಕರೆತರುತ್ತಾ. ಕೊನೆಗೆ ಬಂದವಳು ಮೇಲ್ಮನೆ ಸೊಸೆ. ಕೊನೆಯ ಮಹಡಿಯಲ್ಲಿ, ತಾರಸಿಯ ಕಾವು ನೇರ ತಲೆಗೆ ಇಳಿಯುವ ಮನೆಯಲ್ಲಿ, ಅವಳ ಮಾವ ಒಂದು ಬದಿ ಬಿದ್ದುಹೋಗಿ ಮಲಗಿದ್ದರು. ಮಾತು ತೊದಲು. ಏನಾದರೂ ಬೇಕೆಂದರೆ ಮಂಚದ ಕಬ್ಬಿಣಕ್ಕೆ ಸ್ಟೀಲಿನ ಲೋಟ ಬಡಿಯುತ್ತಿದ್ದರು. ರಾತ್ರಿಯೆಲ್ಲ ಆ ಲೋಟಕ್ಕೆ ಎದ್ದೆದ್ದು ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಮೊದಲ ಬುಧವಾರ ಅವಳು ಕೂರಲು ಬಂದು, ಹತ್ತು ನಿಮಿಷ ನಿಂತೇ ಇದ್ದು, “ಕೂತ್ರೆ ಏಳಕ್ಕೆ ಕಷ್ಟ ಅಕ್ಕ” ಎಂದು ವಾಪಸು ಹೋಗಿದ್ದಳು. ಆಮೇಲಾಮೇಲೆ ಕೂರುವುದನ್ನು ಕಲಿತಳು. ವಾರದಲ್ಲಿ ಅವಳಿಗೆಂದು ಇದ್ದದ್ದು ಆ ಒಂದು ಗಂಟೆ ಮಾತ್ರ. ಮಾವ ಕೆಟ್ಟವರೇನಲ್ಲ. ಬುಧವಾರ ಊಟ ಮುಗಿದ ಮೇಲೆ ಅವರೇ ಒಳ್ಳೆಯ ಕೈಯನ್ನು ಬಾಗಿಲ ಕಡೆ ಆಡಿಸಿ, ತೊದಲುತ್ತಲೇ “ಹೋಗಿ ಬಾಮ್ಮ, ನಾನೆಲ್ಲಿ ಓಡಿಹೋಗ್ತೀನಿ” ಎನ್ನುತ್ತಿದ್ದರು.

ಜಾಗ ಆರಿಸುವುದು ಸುಲಭದ ಮಾತಾಗಿರಲಿಲ್ಲ. ಹೊಲಿಗೆ ಅಕ್ಕ ಹಿಂದಿನ ದಿನವೇ, ಅದೇ ಹೊತ್ತಿಗೆ, ಅಂಚು ಮಡಿಸುವ ಕೆಲಸ ಹಿಡಿದು ಅಲ್ಲಿ ಹೋಗಿ ಕೂತು ನೋಡಿ ಬರುತ್ತಿದ್ದಳು. ಚಳಿಗಾಲದಲ್ಲಿ ತಾರಸಿ. ಬಿಸಿಲು ಬೆನ್ನಿಗೆ ಹಿತ. ಆದರೆ ಮೇಲೆ ಹೋಗಲು ಒಂದು ನೆಪ ಬೇಕು. ಬರಿಗೈಯಲ್ಲಿ ಮೆಟ್ಟಿಲು ಹತ್ತುವ ಹೆಂಗಸನ್ನು ಎಲ್ಲರೂ ಎಲ್ಲಿಗೆ ಎಂದು ಕೇಳುತ್ತಾರೆ. ಅದಕ್ಕೆ ಪ್ರತಿಯೊಬ್ಬಳೂ ಒಂದು ಒದ್ದೆ ಬಟ್ಟೆ ಹಿಡಿದುಕೊಂಡೇ ಬರಬೇಕು. ಮೊಟ್ಟೆಯಮ್ಮ ತಿಂಗಳುಗಟ್ಟಲೆ ಒಂದೇ ಟವೆಲನ್ನು ನೆನೆಸಿ ತರುತ್ತಿದ್ದಳು. ಬಿಡುವಿಲ್ಲದೆ ಮಳೆ ಸುರಿದು ನಿಂತು ಮೊದಲ ಬಿಸಿಲು ಬಂತೆಂದರೆ ಮಾತ್ರ ಕೂರುವುದು ಬಂದ್. ಅವತ್ತು ಊರಿನ ಗಂಡಸರು ಹವೆ ಚೆನ್ನಾಗಿದೆ ಎನ್ನುತ್ತಾರೆ. ಹೆಂಗಸರಿಗೆ ವಾರದ ಬಟ್ಟೆಯೆಲ್ಲ ಒಟ್ಟಿಗೆ ಒಗೆಯುವ ದಿನ ಅದು.

ಮಳೆಗಾಲಕ್ಕೆ ಹಿತ್ತಲಿನ ತಗಡಿನ ಮಾಡು. ಅದು ಎಲ್ಲಕ್ಕಿಂತ ಒಳ್ಳೆಯ ಜಾಗ. ತಗಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಒಬ್ಬಳ ಮಾತು ಇನ್ನೊಬ್ಬಳ ಕಿವಿ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ. ಹೇಳಲಾರದ್ದನ್ನೆಲ್ಲ ಅವರು ಹೇಳಿಕೊಂಡದ್ದು ಅಲ್ಲೇ. ಗಾಳಿ ಪಡುವಣದಿಂದ ಬೀಸಿದರೆ ಎರಚಲು ಬರುತ್ತದೆ, ಅಜ್ಜಿಯ ಮಂಡಿ ಹಿಡಿದುಕೊಳ್ಳುತ್ತದೆ. ಅದಕ್ಕೆ ಹೊಲಿಗೆ ಅಕ್ಕ ಮಾಡಿನ ಕಂಬಕ್ಕೆ ಒಂದೆಳೆ ಕೆಂಪು ದಾರ ಕಟ್ಟಿದ್ದಳು. ದಾರ ಯಾವ ಕಡೆ ಹಾರುತ್ತದೆ ಎಂದು ನೋಡಿ ಸ್ಟೂಲು ಹಾಕುವುದು.

ಎಲ್ಲಿ ಕೂತರೂ ಒಂದು ಮಾತು ಮಾತ್ರ ಕಡ್ಡಾಯ: ಮೇಲ್ಮನೆಯ ಲೋಟದ ಸದ್ದು ಕೇಳುವಂತಿರಬೇಕು. ತಾರಸಿಗೆ ಕೇಳುತ್ತಿತ್ತು. ತಗಡಿನ ಕೆಳಗೆ ಮಳೆ ಇರುವಾಗ ಕೇಳುತ್ತಿರಲಿಲ್ಲ; ಆಗ ಸರದಿಯಂತೆ ಒಬ್ಬೊಬ್ಬಳು ನಡುವೆ ಎದ್ದು ಮೇಲೆ ಹೋಗಿ ಮಾವನನ್ನು ಇಣುಕಿ ನೋಡಿ ಬರುವಳು.

ಬೇಸಿಗೆಗೆ ಮಾತ್ರ ಜಾಗವೇ ಇರಲಿಲ್ಲ. ತಾರಸಿ ಕಾದ ಹೆಂಚು. ತಗಡಿನ ಕೆಳಗೆ ನಿಂತರೆ ತಲೆ ಸಿಡಿಯುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ನೆರಳಿದೆ, ಆದರೆ ಸೆಕೆಗೆ ಎಲ್ಲ ಮನೆಯ ಕಿಟಕಿಗಳೂ ತೆರೆದಿರುತ್ತವೆ. ಪಿಸುಗುಟ್ಟಿದರೂ ಮೂರು ಮಹಡಿಗೆ ಸುದ್ದಿ. ಹಿಂದಿನ ಬೇಸಿಗೆಗಳನ್ನು ಅಲ್ಲೇ ಹೇಗೋ ಬಾಯಿ ಮುಚ್ಚಿ ಕೂತು ಕಳೆದಿದ್ದರು. ಈ ಸಲದ ಬಿಸಿಲು ಬೇರೆ ಥರ ಇತ್ತು. ಕಬ್ಬಿಣದ ಕತ್ತರಿ ಮುಟ್ಟಿದರೆ ಕೈ ಹಿಂದೆಳೆಯಬೇಕಾಗುತ್ತಿತ್ತು. ಒಂದು ಬುಧವಾರ ಮೆಟ್ಟಿಲಿಳಿದು ಬರುತ್ತಿದ್ದ ಮೇಲ್ಮನೆ ಸೊಸೆ ತಿರುವಿನಲ್ಲೇ ಕಣ್ಣು ಕತ್ತಲೆಗಟ್ಟಿ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿದರೆ ಅವಳು ಮೊದಲು ಕೇಳಿದ್ದು, “ಲೋಟದ ಸದ್ದಾಯ್ತಾ?”

“ಇವಳನ್ನ ಹೀಗೇ ಬಿಟ್ರೆ ಮಾವನಿಗಿಂತ ಮುಂಚೆ ಇವಳೇ ಹೊರಡ್ತಾಳೆ,” ಎಂದಳು ಮೊಟ್ಟೆಯಮ್ಮ.

ಹೊಲಿಗೆ ಅಕ್ಕ ಆ ವಾರವೆಲ್ಲ ಜಾಗ ಹುಡುಕಿದಳು. ಸಿಕ್ಕಿದ್ದು ಹಿಂದಿನ ರಸ್ತೆಯ ಬಟ್ಟೆ ಅಂಗಡಿಯ ನೆಲಮಾಳಿಗೆ. ಅಂಗಡಿಯವರಿಗೆ ಅವಳು ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಬಿಸಿಲಿನ ಹೊತ್ತು ಅಂಗಡಿ ಮುಚ್ಚಿರುತ್ತದೆ, ಬೇಕಾದರೆ ಕೂತುಕೊಳ್ಳಿ, ಬಟ್ಟೆ ಮಾತ್ರ ಕೊಳೆ ಮಾಡಬೇಡಿ ಎಂದು ಅವರು ಬೀಗದ ಕೈ ಕೊಟ್ಟರು. ಹಳೆಯ ಕಾಲದ ದಪ್ಪ ಕಲ್ಲಿನ ಗೋಡೆ. ಎತ್ತರದಲ್ಲಿ ಒಂದು ಸಣ್ಣ ಗಾಜಿನ ಕಿಂಡಿ, ಅದರಿಂದ ಬೆಳಕು. ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳು. ಹೊಲಿಗೆ ಅಕ್ಕ ಹಿಂದಿನ ದಿನ ಅಲ್ಲಿ ಕೂತು ಅಂಚು ಮಡಿಸಿ ನೋಡಿದಳು. ಕೈ ಬೆವರಲಿಲ್ಲ. ನೆಲಕ್ಕೆ ಅಂಗೈ ಒತ್ತಿದರೆ ಮಣ್ಣಿನ ಕೊಡದಂತೆ ತಣ್ಣಗಿತ್ತು. ಎರಡು ದೋಷಗಳಿದ್ದವು. ಒಂದು, ಅಲ್ಲಿ ಫೋನು ಕೆಲಸ ಮಾಡುತ್ತಿರಲಿಲ್ಲ, ಲೋಟದ ಸದ್ದಂತೂ ಕೇಳುವ ಮಾತೇ ಇಲ್ಲ. ಮಳೆಗಾಲದಂತೆ ಸರದಿಯಲ್ಲಿ ಹೋಗಿ ನೋಡಿ ಬಂದರಾಯಿತು ಎಂದುಕೊಂಡಳು. ಇನ್ನೊಂದು, ಮೇಲಿನ ಶಟರ್. ಬೀದಿಯವರು ಒಳಗೆ ಬರದಂತೆ ಅದನ್ನು ಎಳೆದುಕೊಳ್ಳಬೇಕು. ಎತ್ತಿದರೂ ಇಳಿಸಿದರೂ ಅದು ಹಂದಿ ಕೂಗಿದಂತೆ ಕೂಗುತ್ತಿತ್ತು.

ಬುಧವಾರ ಮೇಲ್ಮನೆ ಸೊಸೆ ಹೊರಡುವ ಮುಂಚೆ ಫ್ಯಾನು ಜೋರು ಮಾಡಿದಳು. ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿದಳು. ಮಾವನ ಬಾಯಿಗೆ ಎಟುಕುವಂತೆ ನಳಿಕೆ ಹಾಕಿದ ನೀರಿನ ಬಾಟಲಿ, ಒಳ್ಳೆಯ ಕೈಯ ಪಕ್ಕ ಲೋಟ. ಗಂಡನಿಗೆ ಫೋನು ಮಾಡಿ ಹಿಂದಿನ ರಸ್ತೆಗೆ ಹೋಗುತ್ತಿದ್ದೇನೆ ಎಂದು ಹೇಳಿದಳು ಕೂಡ. ಅವನು ಮೀಟಿಂಗಿನಲ್ಲಿದ್ದ, ಹೂಂ ಅಂದ.

ನೆಲಮಾಳಿಗೆಗೆ ಇಳಿದ ಕೂಡಲೇ ನಾಲ್ವರೂ ಒಟ್ಟಿಗೆ ಉಸಿರುಬಿಟ್ಟರು. ಅಜ್ಜಿಯ ಅಕ್ಕ ಸುತ್ತಲಿನ ಬಟ್ಟೆಯ ರಾಶಿ ನೋಡಿ, “ಯಾರ ಮದುವೆ ಇದು?” ಎಂದು ಕೇಳಿದಳು.

“ನಿಮ್ದೇ,” ಎಂದಳು ಮೊಟ್ಟೆಯಮ್ಮ. “ಗಂಡು ಇನ್ನೂ ಸಿಕ್ಕಿಲ್ಲ, ಬಟ್ಟೆ ಮಾತ್ರ ತಂದಿದೀವಿ.”

“ಸಿಗದಿದ್ರೂ ಪರವಾಗಿಲ್ಲ, ಬಟ್ಟೆ ಚೆನ್ನಾಗಿದೆ,” ಎಂದಳು ಮುದುಕಿ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ನೋಡಿದರೆ ಮೇಲ್ಮನೆ ಸೊಸೆ ಒಂದು ಥಾನಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಮುಖದ ಬಿಗಿಯೆಲ್ಲ ಸಡಿಲಗೊಂಡು ಬೇರೆ ಯಾರೋ ಹುಡುಗಿಯಂತೆ ಕಾಣುತ್ತಿದ್ದಳು. ಅವಳ ವಯಸ್ಸು ಎಷ್ಟು ಚಿಕ್ಕದು ಎನ್ನುವುದು ಉಳಿದವರಿಗೆ ಅವತ್ತೇ ಗೊತ್ತಾದದ್ದು. ಅವರು ಮಾತು ನಿಲ್ಲಿಸಿದರು. ಅಜ್ಜಿ ಅಕ್ಕನ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದಳು.

ಮೇಲೆ ಹೋಗಿ ನೋಡಿಬರುವ ಸರದಿ ಅವತ್ತು ಹೊಲಿಗೆ ಅಕ್ಕನದು. ಅವಳು ಎದ್ದಳು ಕೂಡ. ಮೆಟ್ಟಿಲು ಹತ್ತಿ ಶಟರಿನ ಹಿಡಿಗೆ ಕೈಯಿಟ್ಟಳು. ಒಂದು ಚೂರು ಎತ್ತುವಷ್ಟರಲ್ಲಿ ಅದು ಕಿರುಗುಟ್ಟಿತು, ಕೆಳಗೆ ಮಲಗಿದವಳು ನಿದ್ದೆಯಲ್ಲೇ ಬೆಚ್ಚಿ ಕೈ ಆಡಿಸಿದಳು. ಇವಳು ಹಿಡಿ ಬಿಟ್ಟಳು. ಇನ್ನೊಂದು ಹತ್ತು ನಿಮಿಷ ಮಲಗಲಿ ಎಂದುಕೊಂಡು ವಾಪಸು ಬಂದು ಕುಳಿತಳು. ಹತ್ತು ನಿಮಿಷವಾದ ಮೇಲೂ ಎಬ್ಬಿಸಲು ಯಾರಿಗೂ ಮನಸ್ಸು ಬರಲಿಲ್ಲ. ಗಂಟೆ ಮುಗಿಯಿತು, ಮೇಲೆ ಇನ್ನೊಂದಿಷ್ಟು ಹೊತ್ತೂ ಹೋಯಿತು. ಫ್ಯಾನಿನಡಿ ಮಾವ ಆರಾಮಾಗಿ ಮಲಗಿರುತ್ತಾರೆ ಎಂದು ಮೊಟ್ಟೆಯಮ್ಮ ಸನ್ನೆಯಲ್ಲಿ ಹೇಳಿದಳು.

ಅವರು ಅಲ್ಲಿಗೆ ಇಳಿದ ಸ್ವಲ್ಪ ಹೊತ್ತಿಗೇ ಆ ಭಾಗದಲ್ಲೆಲ್ಲ ಕರೆಂಟು ಹೋಗಿತ್ತು. ತಾರಸಿಯಲ್ಲೋ ತಗಡಿನ ಕೆಳಗೋ ಮೆಟ್ಟಿಲ ತಿರುವಿನಲ್ಲೋ ಕೂತಿದ್ದರೆ ತಕ್ಷಣ ಗೊತ್ತಾಗುತ್ತಿತ್ತು. ಎಲ್ಲ ಮನೆಗಳ ಫ್ಯಾನಿನ ಗುಂಯ್‌ ಸದ್ದು ಒಮ್ಮೆಲೇ ನಿಲ್ಲುವುದು, ನೀರಿನ ಪಂಪು ಸುಮ್ಮನಾಗುವುದು, ಕಿಟಕಿಗಳಿಂದ ಬೈಗುಳ ಕೇಳುವುದು. ನೆಲಮಾಳಿಗೆಯಲ್ಲಿ ಫ್ಯಾನೂ ಇರಲಿಲ್ಲ, ದೀಪವನ್ನೂ ಹಾಕಿರಲಿಲ್ಲ. ತಂಪು ಮಾತ್ರ ಇತ್ತು.

ಮೇಲ್ಮನೆ ಸೊಸೆ ತಾನಾಗಿಯೇ ಎಚ್ಚರಗೊಂಡು, ಎಲ್ಲಿದ್ದೇನೆಂದು ತಿಳಿಯದೆ ಒಂದು ಗಳಿಗೆ ಸುಮ್ಮನೆ ನೋಡಿ, ಆಮೇಲೆ ಎದ್ದು ಓಡಿದಳು. ಹೊಲಿಗೆ ಅಕ್ಕ ಅವಳ ಹಿಂದೆಯೇ ಮೇಲ್ಮನೆಯವರೆಗೂ ಮೆಟ್ಟಿಲು ಹತ್ತಿದಳು. ಕಿಟಕಿಯ ಬೆಡ್‌ಶೀಟು ಒಣಗಿ ಗರಿಗರಿಯಾಗಿತ್ತು. ಲೋಟ ಕೈಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಮಾವನ ಮೈ ಕಾದ ಕಲ್ಲಿನಂತೆ, ಬೆವರು ಕೂಡ ಇಲ್ಲ. ಕಣ್ಣು ತೆರೆದಿದ್ದವು, ಗುರುತು ಇರಲಿಲ್ಲ. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಹೋದರು. ವಯಸ್ಸೂ ಇತ್ತು, ಕಾಯಿಲೆಯೂ ಇತ್ತು, ಬಿಸಿಲೂ ಸೇರಿಕೊಂಡಿತು, ಇಂಥದ್ದೇ ಎಂದು ಹೇಳಲಾಗದು ಎಂದರು ಡಾಕ್ಟರು. ಆದರೆ ಮನೆಯವರಿಗೆ ಒಂದು ಕಾರಣ ಬೇಕಿತ್ತು, ಅದು ಕೈಗೆಟುಕುವಷ್ಟು ಹತ್ತಿರದಲ್ಲೇ ತಲೆ ತಗ್ಗಿಸಿ ನಿಂತಿತ್ತು.

ಸಾವಿನ ಮನೆಗೆ ಬಂದವರ ಮುಂದೆ ಗಂಡ ಹೇಳುತ್ತಿದ್ದ, ಆಫೀಸಿನಲ್ಲಿ ಜನರೇಟರ್ ಇದೆ, ಎಸಿ ಒಂದು ನಿಮಿಷವೂ ನಿಲ್ಲುವುದಿಲ್ಲ, ಕರೆಂಟು ಹೋದದ್ದೇ ನನಗೆ ಗೊತ್ತಾಗಲಿಲ್ಲ ಎಂದು. ಬಂದವರು ಪಾಪ ಎಂದು ತಲೆಯಾಡಿಸುತ್ತಿದ್ದರು. ಒಳಗಿನ ಕೋಣೆಯಲ್ಲಿ ಅವನ ಹೆಂಡತಿಯೂ ಅದೇ ಮಾತು ಹೇಳಿದಳು, ಕರೆಂಟು ಹೋದದ್ದು ಗೊತ್ತಾಗಲಿಲ್ಲ ಎಂದು. ಅಲ್ಲಿ ಯಾರೂ ತಲೆಯಾಡಿಸಲಿಲ್ಲ. ನಾದಿನಿ ಭಾನುವಾರಗಳಲ್ಲಿ ಹಣ್ಣಿನ ಚೀಲ ಹಿಡಿದು ಬಂದು, ಅಪ್ಪನ ಕೈ ಸವರಿ, ಸಂಜೆಯೊಳಗೆ ಹೊರಡುತ್ತಿದ್ದವಳು. ಅವಳ ಬಾಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: “ನಮ್ಮಪ್ಪ ಮೇಲೆ ಬೇಯ್ತಾ ಇದ್ರು, ಇವಳು ಕೆಳಗೆ ತಂಪಲ್ಲಿ ಮಲಗಿದ್ಲಂತೆ.” ಕಟ್ಟಡದ ಮೆಟ್ಟಿಲುಗಳಲ್ಲಿ ಆ ಮಾತು ಇಳಿದು, ಹತ್ತಿ, ಬೀದಿಗೂ ಹೋಯಿತು. ಅವತ್ತು ಮಾವನೊಬ್ಬರನ್ನು ಬಿಟ್ಟು ಆ ಮನೆಗೆ ಸೇರಿದ ಎಲ್ಲರೂ ತಂಪಲ್ಲೇ ಇದ್ದರು. ಎಲ್ಲಿದ್ದೆ ಎಂದು ಕೇಳಿಸಿಕೊಂಡವಳು ಮಾತ್ರ ಒಬ್ಬಳೇ.

ಹೊಲಿಗೆ ಅಕ್ಕ ತಡೆಯಲಾರದೆ ಮೇಲೆ ಹೋದಳು. ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಜಾಗ ಹುಡುಕಿದ್ದು ನಾನು, ಅವಳಲ್ಲ, ನೋಡಿ ಬರುವ ಸರದಿಯೂ ನನ್ನದಾಗಿತ್ತು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದಳು. ನಾದಿನಿ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು.

“ಕೂರಕ್ಕೆ ಜಾಗ ಹುಡುಕೋದಕ್ಕೆ ಅಷ್ಟು ತಲೆ ಓಡಿಸ್ತೀರಿ. ಒಂದ್ಸಲ ಮೇಲೆ ಹತ್ತಿ ನೋಡಕ್ಕೆ ಆಗ್ಲಿಲ್ವಾ?”

“ಆಗ್ಲಿಲ್ಲ,” ಎಂದಳು ಹೊಲಿಗೆ ಅಕ್ಕ. ಒಳಗೆ ಅಡುಗೆಮನೆಯ ಹೊಸ್ತಿಲಲ್ಲಿ ಸೊಸೆ ಬಂದವರ ಟೀ ಲೋಟಗಳನ್ನು ಜೋಡಿಸುತ್ತಿದ್ದಳು. ಅವಳು ಇತ್ತ ತಿರುಗಲಿಲ್ಲ.

ಆಮೇಲೆ ಕೂರುವುದು ನಿಂತುಹೋಯಿತು. ಯಾರೂ ಬೇಡವೆಂದು ಹೇಳಲಿಲ್ಲ. ಬುಧವಾರ ಬಂತೆಂದರೆ ಮೊಟ್ಟೆಯಮ್ಮನ ಗಂಡ ಮುಖ ಗಂಟು ಹಾಕಿಕೊಂಡು, ನನ್ನನ್ನೂ ಹಾಗೇ ಬಿಟ್ಟು ಹೋಗುತ್ತೀಯಾ ಎಂದು ಕೇಳತೊಡಗಿದ. ಗೇಟಿನ ಮನೆ ಅಜ್ಜಿಗೆ ಮಂಡಿ ನೋವು ಜಾಸ್ತಿಯಾಯಿತಂತೆ. ಬಟ್ಟೆ ಅಂಗಡಿಯವರು ಏನೂ ಹೇಳದೆ ಬೀಗದ ಕೈ ವಾಪಸು ಇಸಿದುಕೊಂಡರು. ಮೇಲ್ಮನೆಯಲ್ಲಿ ಮಂಚ ತೆಗೆದು ಸೋಫಾ ಹಾಕಿದರು. ಸೊಸೆಗೆ ಈಗ ಬೇಕಾದಷ್ಟು ಹೊತ್ತಿತ್ತು. ಆದರೆ ಅವಳು ಎಲ್ಲೂ ನಿಲ್ಲುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆಯುವ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ಅದನ್ನು ಕಂಡು ಈಗ ಬುದ್ಧಿ ಬಂದಿದೆ ಎಂದಳಂತೆ ನಾದಿನಿ.

ಮಳೆ ಹಿಡಿಯಿತು. ಬುಧವಾರ ಮಧ್ಯಾಹ್ನ ಹೊಲಿಗೆ ಅಕ್ಕ ತಗಡಿನ ಮಾಡಿಗೆ ಹೋದಳು. ಕಂಬದ ಕೆಂಪು ದಾರ ಬಿಸಿಲಿಗೆ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು. ಗಾಳಿ ಯಾವ ಕಡೆಯೆಂದು ನೋಡಿ, ಎರಚಲು ತಾಗದ ಕಡೆ ಸ್ಟೂಲುಗಳನ್ನು ಹಾಕಿದಳು. ಒಂದರ ಮೇಲೆ ತಾನು ಕುಳಿತು ಅಂಚು ಮಡಿಸತೊಡಗಿದಳು. ಯಾರೂ ಬರಲಿಲ್ಲ. ಮುಂದಿನ ವಾರವೂ ಹಾಕಿದಳು. ಹಾಗೇ ಒಂದಿಷ್ಟು ಬುಧವಾರ ಹೋದವು.

ಮಳೆ ಜೋರಾಗಿದ್ದ ಒಂದು ದಿನ ಮೇಲ್ಮನೆ ಸೊಸೆ ಕೈಯಲ್ಲಿ ಬಕೆಟು ಹಿಡಿದು ಇಳಿದು ಬಂದಳು. ತಗಡಿನ ಕೆಳಗಿನ ಹಗ್ಗದಲ್ಲಿ ಒಣಗದೆ ವಾಸನೆ ಬಂದಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಬಕೆಟಿಗೆ ಹಾಕಿದಳು. ಹಾಕಿ ಮುಗಿದ ಮೇಲೂ ಹೋಗಲಿಲ್ಲ. ಹೊಲಿಗೆ ಅಕ್ಕ ಒಂದು ಸ್ಟೂಲನ್ನು ಅವಳ ಕಡೆ ಸರಿಸಿದಳು.

“ಕೂರಲ್ಲ ಅಕ್ಕ. ನಿಂತಿರ್ತೀನಿ.”

ಹೊಲಿಗೆ ಅಕ್ಕ ಎದ್ದು ತಾನೂ ಅವಳ ಪಕ್ಕ ನಿಂತಳು. ತಗಡು ಅಬ್ಬರಿಸುತ್ತಿತ್ತು. ಅವಳ ಕಿವಿಯ ಹತ್ತಿರ ಬಗ್ಗಿ, ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು. “ಶಟರ್ ಎತ್ತಿದ್ರೆ ನಿಂಗೆ ಎಚ್ಚರ ಆಗುತ್ತೆ ಅಂತ ಬಿಟ್ಟೆ ಕಣೆ. ಅದಕ್ಕೇ ಹೋಗಿ ನೋಡ್ಲಿಲ್ಲ.”

ಸೊಸೆ ಬಕೆಟಿನ ಬಟ್ಟೆಗಳನ್ನು ಕೈಯಿಂದ ಒಳಕ್ಕೆ ಒತ್ತಿದಳು. ಆಮೇಲೆ ಅವಳು ಬಗ್ಗಿ ಹೊಲಿಗೆ ಅಕ್ಕನ ಕಿವಿಗೆ ಬಾಯಿ ತಂದಳು.

“ಮನೇಲಿ ಎಲ್ಲರ ಮುಂದೆ ಒಂದು ಸುಳ್ಳು ಹೇಳಿದೀನಿ ಅಕ್ಕ. ನಿದ್ದೆ ಮಾಡಿರ್ಲಿಲ್ಲ, ಕಣ್ಣು ಮುಚ್ಕೊಂಡಿದ್ದೆ ಅಷ್ಟೆ ಅಂತ. ತುಂಬಾ ಒಳ್ಳೇ ನಿದ್ದೆ ಅದು. ಮದುವೆಯಾಗಿ ಬಂದ್ಮೇಲೆ ಅಂಥ ನಿದ್ದೆ ಮಾಡಿರ್ಲಿಲ್ಲ. ಈಗ್ಲೂ ಮಲಗಿದ್ರೆ ಅದೇ ನೆನಪಾಗುತ್ತೆ, ಎದ್ದು ಕೂತ್ಕೋತೀನಿ.”

ಹೊಲಿಗೆ ಅಕ್ಕ ಅವಳ ಬೆನ್ನಿನ ಮೇಲೆ ಕೈ ಇಟ್ಟಳು. ರವಿಕೆಯ ಒಳಗಿನ ಬೆನ್ನುಮೂಳೆ ಒಂದೊಂದೂ ಕೈಗೆ ತಾಗಿತು. ಸೊಸೆ ಅಳಲಿಲ್ಲ. ಮಳೆ ಒಂದು ಕ್ಷಣ ಇಳಿದಂತಾಯಿತು. ಆ ಬಿಡುವಿನಲ್ಲಿ ಅವಳು ತಲೆ ವಾರೆ ಮಾಡಿ ಮೇಲಿನ ಮಹಡಿಯ ಕಡೆ ಕಿವಿಗೊಟ್ಟಳು. ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಅವಳು ಬಕೆಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು.